ಎಂಬತ್ತೊಂದು ಮಂದಿಯ ಊಟ

ನನ್ನ ಕೆಲಸ ಫೋನ್ ಮಾಡುವುದು. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಕುಳಿತು, ಏಳೆಂಟು ವರ್ಷಗಳ ಹಿಂದೆ ಅಲ್ಲಿ ಚಿಕಿತ್ಸೆ ಪಡೆದು ಹೋದವರಿಗೆ ನಾಲ್ಕು ಪ್ರಶ್ನೆ ಕೇಳುತ್ತೇನೆ. ನುಂಗಿದ್ದು ಎದೆಯಲ್ಲಿ ನಿಲ್ಲುತ್ತದೆಯೇ. ಉಂಡದ್ದು ತಿರುಗಿ ಬಾಯಿಗೆ ಬರುತ್ತದೆಯೇ. ಎದೆ ನೋಯುತ್ತದೆಯೇ. ತೂಕ ಇಳಿದಿದೆಯೇ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಕೂಡಿಸಿದರೆ ಮೂರರೊಳಗೆ ಇರಬೇಕು. ದಾಟಿದರೆ ಚಿಕಿತ್ಸೆ ಸೋತಿದೆ ಎಂದು ಬರೆಯುತ್ತೇವೆ.

ರೋಗದ ಹೆಸರು ಅಕಲೇಶಿಯಾ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಒಂದು ಸ್ನಾಯು ಇದೆ. ನುಂಗಿದಾಗ ಅದು ಸಡಿಲಾಗಿ ದಾರಿ ಬಿಡಬೇಕು. ಈ ರೋಗದಲ್ಲಿ ಬಿಡುವುದಿಲ್ಲ. ಅದನ್ನು ಕತ್ತರಿಸಿ ದಾರಿ ಮಾಡಬೇಕು. ಬಾಯಿಯಿಂದ ಎಂಡೋಸ್ಕೋಪಿ ನಳಿಕೆ ಇಳಿಸಿ ಒಳಗಿನಿಂದಲೇ ಕತ್ತರಿಸುವುದು ಒಂದು ರೀತಿ. ಹೊಟ್ಟೆಗೆ ನಾಲ್ಕೈದು ಸಣ್ಣ ರಂಧ್ರ ಮಾಡಿ ಹೊರಗಿನಿಂದ ಕತ್ತರಿಸುವುದು ಇನ್ನೊಂದು. ನಮ್ಮ ಪಟ್ಟಿಯಲ್ಲಿ ಮೊದಲಿನವರು ನಲವತ್ತಮೂರು ಜನ, ಎರಡನೆಯವರು ಮೂವತ್ತೆಂಟು. ಆಫೀಸಿನಲ್ಲಿ ಅವರಿಗೆ ಬಾಯಿಯವರು, ಹೊಟ್ಟೆಯವರು ಎನ್ನುತ್ತೇವೆ. ಇಷ್ಟು ವರ್ಷಗಳ ಮೇಲೂ ಯಾರು ಚೆನ್ನಾಗಿ ಉಣ್ಣುತ್ತಿದ್ದಾರೆ ಎಂದು ತಿಳಿಯುವುದು ನಮ್ಮ ಅಧ್ಯಯನ.

ಈ ಅಂಕಗಳ ವಿಷಯ ನನ್ನ ಅತ್ತೆಗೆ ಬಹಳ ಹಿಡಿಸಿತ್ತು. ಅತ್ತೆ ಸಾವಂತ್ರೆವ್ವ ಮೂವತ್ತು ವರ್ಷ ಸರಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದವರು.

“ಅಂದ್ರ ನಿಮ್ಮ ಸಾಲ್ಯಾಗ ಸೊನ್ನಿ ತಗೊಂಡಾವನ ಜಾಣ?” ಎಂದು ಕೇಳಿದರು.

“ಹೌದ್ರಿ ಅತ್ತಿ.”

“ಅಂಥಾ ಜಾಣರು ನನ್ನ ಕ್ಲಾಸಿನಾಗ ಭಾಳ ಮಂದಿ ಇದ್ರು. ತಿಳೀಲಾರದ ನಾಪಾಸ ಮಾಡಿದೆ ನೋಡು.”

ನಾವಿಬ್ಬರೇ ರಾಯಾಪುರದ ಮನೆಯಲ್ಲಿರುತ್ತೇವೆ. ನನ್ನ ಗಂಡ ಶಶಿಕುಮಾರ ಹೋಗಿ ಎರಡು ವರ್ಷವಾಯಿತು. ಬೈಕಿಗೆ ಲಾರಿ ತಾಗಿತ್ತು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕಿದೆ. ಬೆಳಿಗ್ಗೆ ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ನಾಲ್ಕಕ್ಕೆ ಬಂದು ಹೇಳಿದರು.

ತವರಿನವರು ಕರೆದರು, ನಾನು ಹೋಗಲಿಲ್ಲ. ಅತ್ತೆ ಹೋಗು ಎನ್ನಲಿಲ್ಲ, ಇರು ಎಂದೂ ಎನ್ನಲಿಲ್ಲ. ಅವರು ಎತ್ತರದ ಹೆಂಗಸು, ನಾನು ಗಿಡ್ಡ. ಒಂದು ದಿನ ನೋಡಿದರೆ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಡಬ್ಬಿಗಳೆಲ್ಲ ಕೆಳಗಿನ ಹಲಗೆಗೆ, ನನ್ನ ಕೈಗೆ ಸಿಗುವ ಹಾಗೆ ಇಳಿದಿದ್ದವು. ಅಂದಿನಿಂದ ಅಡುಗೆ ನನ್ನದು.

ಊಟ ಮಾತ್ರ ಬೇರೆ ಬೇರೆ. “ನೀ ಉಣ್ಣು, ನಾ ಆಮ್ಯಾಲ ಉಣ್ತೇನಿ” ಎನ್ನುತ್ತಿದ್ದರು. ನಾನು ಉಂಡು ಎದ್ದ ಮೇಲೆ ತಾಟು ಮತ್ತು ದೊಡ್ಡ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಮಗನನ್ನು ನೆನೆದು ಅಳುತ್ತಾರೆ ಎಂದುಕೊಂಡಿದ್ದೆ. ಅದಕ್ಕೇ ಹಿತ್ತಲ ಬಾಗಿಲಿನ ಕಡೆ ನಾನು ಹೋಗುತ್ತಿರಲಿಲ್ಲ. ಅವರ ಕುಪ್ಪಸಗಳು ಸಡಿಲಾಗಿದ್ದವು. ನನ್ನವೂ ಸಡಿಲಾಗಿದ್ದವು.

ಜೂನ್ ತಿಂಗಳ ಒಂದು ದಿನ ಆಫೀಸಿನಲ್ಲಿ ಕಂಪ್ಯೂಟರುಗಳೆಲ್ಲ ಕೆಟ್ಟು ಕುಳಿತವು. ಮಧ್ಯಾಹ್ನ ಒಂದೂವರೆಗೆ ಮನೆಗೆ ಬಂದೆ. ಹಿತ್ತಲಲ್ಲಿ ಅತ್ತೆ ತಾಟನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಎರಡೂ ಕೈ ಮೇಲೆತ್ತಿ, ಕುತ್ತಿಗೆ ಚಾಚಿ, ಗೋಡೆಯಿಂದ ಗೋಡೆಗೆ ಅಡ್ಡಾಡುತ್ತಿದ್ದರು. ಒಂದು ಗುಟುಕು ನೀರು. ಮತ್ತೆ ನಡಿಗೆ. ಎದೆಯ ನಡುವೆ ಮುಷ್ಟಿ ಒತ್ತಿಕೊಂಡರು. ಆಮೇಲೆ ಬಾಗಿ, ಉಂಡದ್ದೆಲ್ಲವನ್ನೂ ಕರಿಬೇವಿನ ಗಿಡದ ಬುಡಕ್ಕೆ ಕಕ್ಕಿದರು. ಸದ್ದಾಗದಂತೆ ಕಕ್ಕುವುದು ರೂಢಿಯಾಗಿತ್ತು.

ಎಂಬತ್ತೊಂದು ಜನರ ಫೈಲುಗಳಲ್ಲಿ ನಾನು ಇದನ್ನೇ ಓದಿದ್ದೆ.

ಬಾಯಿ ತೊಳೆದು ತಿರುಗಿದಾಗ ಅವರಿಗೆ ನಾನು ಕಂಡೆ.

“ಎಷ್ಟ ದಿನ ಆತ್ರಿ?” ಎಂದೆ.

“ಏನು?”

“ನುಂಗಿದ್ದು ಎದಿಯಾಗ ನಿಲ್ತೈತೇನ್ರಿ?”

“ಇಲ್ಲ.”

“ತಿರುಗಿ ಬಾಯಿಗೆ ಬರ್ತೈತೇನ್ರಿ?”

“ಇಲ್ಲ ಬೇ. ಪಿತ್ತ ಆಗೇತಿ.”

“ಎದಿ ನೋಯ್ತೈತೇನ್ರಿ?”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಕಲ್ಲಿನ ಮೇಲೆ ಕುಳಿತರು. “ನಾಕನೇದು ನಾ ಹೇಳ್ತೇನಿ. ಒಂಬತ್ತ ಕಿಲೋ ಇಳಿದೇನಿ. ಒಂದೂವರಿ ವರ್ಷ ಆತು. ಈಗ ಎಷ್ಟ ಮಾರ್ಕ್ಸ್ ಕೊಡ್ತಿ ಕೊಡು.”

“ನನಗ್ಯಾಕ ಹೇಳಲಿಲ್ರಿ?”

“ಹೆಂಗ ಹೇಳ್ಲಿ? ಗಂಡನ್ನ ಕಳಕೊಂಡ ಹುಡುಗಿ ಎದ್ದು ಒಲಿ ಮುಂದ ನಿಂತಾಳ. ಆಕಿ ಮಾಡಿದ್ದು ಗಂಟಲದಾಗ ಇಳಿಯೂದಿಲ್ಲ ಅಂದ್ರ ಆಕಿ ಅಡಗಿಗೆ ಹೆಸರಿಟ್ಟಂಗ ಅಲ್ಲೇನು?”

ಕಕ್ಕಿದ್ದರ ಮೇಲೆ ಎರಡು ಕೊಡ ನೀರು ಹೊಯ್ದೆ.

ಮರುದಿನವೇ ಕರೆದುಕೊಂಡು ಹೋದೆ. ಬಿಳಿಯ ಮದ್ದು ಕುಡಿಸಿ ಎಕ್ಸ್-ರೇ ತೆಗೆದರು. ಮೂಗಿನಿಂದ ನಳಿಕೆ ಇಳಿಸಿ ಒತ್ತಡ ಅಳೆದರು. ಅಕಲೇಶಿಯಾವೇ. ನಮ್ಮ ಅಧ್ಯಯನ ನಡೆಸುತ್ತಿರುವ ಡಾಕ್ಟರ್ ಧನಶ್ರೀ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಅತ್ತೆಗೆ ತಿಳಿಸಿ ಹೇಳಿದರು.

“ನೋಡ್ರಿ, ಇಲ್ಲಿ ತನಕಾ ಅಗಲ ಅದ, ಇಲ್ಲಿ ಬಂದು ಗುಬ್ಬಿ ಕೊಕ್ಕಿನಂಗ ಚೂಪ ಆಗೇದ. ಈ ಬಿಗಿ ಬಿಡಸಬೇಕು. ಎರಡೂ ರೀತಿ ಮಾಡಬಹುದು. ಬಾಯಿಂದ ಮಾಡಿದ್ರ ಮೈಮ್ಯಾಲ ಗಾಯ ಇರೂದಿಲ್ಲ, ಲಗೂ ಮನಿಗೆ ಹೋಗಬಹುದು. ಮುಂದ ಆಮ್ಲ ಮ್ಯಾಲೆ ಬಂದು ಎದಿ ಉರಿಯೋದು ಸ್ವಲ್ಪ ಜಾಸ್ತಿ. ಹೊಟ್ಟಿಯಿಂದ ಮಾಡಿದ್ರ, ಜಠರದ ಮ್ಯಾಲಿನ ಭಾಗ ಮಡಚಿ ಅದಕ್ಕ ಆಸರಾ ಹೊಲಿತಾರ. ಉರಿ ಕಡಿಮಿ. ನಿಮಗ ಎರಡೂ ನಡೀತದ.”

“ವರ್ಷಾನಗಟ್ಲೆ ಆದ ಮ್ಯಾಲ ಯಾವುದು ಛಲೋ ಉಳಿತೈತ್ರಿ ಡಾಕ್ಟರ?” ಎಂದು ಅತ್ತೆ ಕೇಳಿದರು.

ಡಾಕ್ಟರ್ ನನ್ನ ಕಡೆ ನೋಡಿ ನಕ್ಕರು. “ನಮ್ಮ ರೋಗಿಗಳ ಲೆಕ್ಕಾ ಎಲ್ಲಾ ನಿಮ್ಮ ಸೊಸಿ ಹತ್ರಾನ ಅದ.”

ಲೆಕ್ಕ ನನ್ನ ಬಳಿ ಇತ್ತು. ಎರಡೂ ಗುಂಪು ಚೆನ್ನಾಗಿತ್ತು. ಬಾಯಿಯವರದು ಇನ್ನೂ ಚೆನ್ನಾಗಿತ್ತು, ಸಾಲುಸಾಲಾಗಿ ಸೊನ್ನೆ. ಬಾಯಿಯಿಂದಲೇ ಆಗಲಿ ಎಂದು ಹೇಳಿಬಿಡಬಹುದಿತ್ತು. ಹಾಗೆ ಹೇಳಲು ನನಗೆ ಮನಸ್ಸೂ ಇತ್ತು. ಗಾಯವಿಲ್ಲದ್ದು ಎಂಬುದೊಂದೇ ಕಾರಣ ಸಾಕಾಗಿತ್ತು.

ಆದರೆ ಆ ಸೊನ್ನೆಗಳ ಮೇಲೆ ನನಗೆ ನಂಬಿಕೆ ಹೋಗಿತ್ತು. ಎಲ್ಲರೂ ಮನೆಯಲ್ಲಿರುತ್ತಾರೆಂದು ಸಂಜೆ ಏಳರ ಮೇಲೆ ಫೋನ್ ಮಾಡುತ್ತಿದ್ದವಳು ನಾನೇ. ಮಗ ಫೋನ್ ಎತ್ತಿ, ಸ್ಪೀಕರ್ ಹಾಕಿ, ತಾಯಿಯ ಮುಂದೆ ಹಿಡಿಯುತ್ತಿದ್ದ. ಪಾತ್ರೆಯ ಸದ್ದು ಕೇಳುತ್ತಿತ್ತು. ನಾನು ವಾಡಿಕೆಯಂತೆ “ಊಟಾ ಆತೇನ್ರಿ?” ಎಂದು ಶುರುಮಾಡುತ್ತಿದ್ದೆ. “ಆತ್ರಿ, ನಿಮ್ಮದಾತ್ರಿ?” ಎನ್ನುತ್ತಿದ್ದರು. ಆಮೇಲೆ ನಾಲ್ಕು ಪ್ರಶ್ನೆ. ಏನಿಲ್ರಿ, ಏನಿಲ್ರಿ, ಏನಿಲ್ರಿ, ಏನಿಲ್ರಿ. ಅಡುಗೆ ಮಾಡಿದವಳು ಪಕ್ಕದಲ್ಲಿ ನಿಂತಿರುವಾಗ ಈ ಸೀಮೆಯಲ್ಲಿ ಯಾರು ತಾನೇ ಉಂಡದ್ದು ಇಳಿಯುವುದಿಲ್ಲ ಎಂದು ಹೇಳುತ್ತಾರೆ?

ಡಾಕ್ಟರಿಗೆ ಹೇಳಿದೆ. ಅವರು ಪೆನ್ನಿನ ಕ್ಯಾಪು ಹಾಕಿ, ಪಟ್ಟಿಯನ್ನು ನನ್ನ ಕಡೆ ಸರಿಸಿದರು. “ಹತ್ರದವರ ಮನಿಗೆ ಹೋಗಿ ನೋಡಿ ಬರ್ರಿ. ಉಳಿದವರಿಗೆ ಹಗಲಿನ್ಯಾಗ, ಒಬ್ಬರ ಇದ್ದಾಗ ಫೋನ್ ಮಾಡ್ರಿ. ನಿಮ್ಮ ಅತ್ತಿಯವರಿಗೆ ಒಂದು ತಿಂಗಳು ತಡಾ ಆದ್ರೂ ಅಡ್ಡಿಯಿಲ್ಲ. ತೆಳ್ಳಗಿಂದು ಕೊಡ್ತಿರ್ರಿ.”

ಮೊದಲು ಗರಗದ ಯಂಕವ್ವನ ಮನೆ. ಅರವತ್ತನಾಲ್ಕು ವರ್ಷ, ಬಾಯಿಯಿಂದ ಮಾಡಿಸಿಕೊಂಡವರು, ನಾಲ್ಕೂ ಸೊನ್ನೆ. ನನ್ನ ಅತ್ತೆಗೂ ಇದೇ ಬೇನೆ, ಕರೆದುಕೊಂಡು ಬರಲೇ ಎಂದು ಮುಂಚೆಯೇ ಫೋನಿನಲ್ಲಿ ಕೇಳಿದೆ. “ಉಣ್ಣಾಕ ಬರ್ರಿ” ಎಂದರು.

ಯಂಕವ್ವ ಖಾದಿ ಕೇಂದ್ರದಲ್ಲಿ ನೂಲುವವರು. ರವಿವಾರ ರಜೆ. ಸೊಸೆ ಶಾಂಭವಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿಯ ರಂಜಕ ತಂದಿಟ್ಟಳು. ಅತ್ತೆಗೆಂದು ಮಜ್ಜಿಗೆಯಲ್ಲಿ ಕಲಸಿದ ಮೆತ್ತನೆಯ ಅನ್ನ. ಯಂಕವ್ವ ಬಾಗಿಲಿಗೆ ಒರಗಿ ನಿಂತಿದ್ದರು.

“ನೀವೂ ಕೂಡ್ರಿ” ಎಂದರು ಅತ್ತೆ.

“ನೀವು ಉಣ್ರಿ. ನಾ ಆಮ್ಯಾಲ ಉಣ್ತೇನಿ.”

“ಈ ಮಾತು ನಾನೂ ಒಂದೂವರಿ ವರ್ಷ ಆಡೇನಿ ಯಂಕವ್ವಾರ. ನನ್ನ ಮುಂದ ನಡಿಯೂದಿಲ್ಲ. ನೀವು ಕುಂತ್ರ ನಾ ಉಣ್ಣಾಕಿ.”

ಶಾಲೆಯ ದನಿ ಅದು. ಯಂಕವ್ವ ಕುಳಿತರು. ಅತ್ತೆ ಎರಡು ತುತ್ತು ಉಂಡು, ನೀರು ಕುಡಿದು, ಕುತ್ತಿಗೆ ಚಾಚಿದರು. ಯಂಕವ್ವನ ಮುಖ ಅರಳಿತು.

“ಹಿಂಗಲ್ರಿ ಅಕ್ಕೋರ. ಎರಡೂ ಕೈ ಮ್ಯಾಲ ಎತ್ತಬೇಕು.”

“ಎತ್ತತೇನ್ರಿ. ಮಂದಿ ಮನ್ಯಾಗ ಅಂತ ಬಿಟ್ಟೇನಿ.”

“ನಾ ಕೈ ಎತ್ತಿ ಕುಣೀತಿದ್ನ್ಯಲ್ರಿ, ನಮ್ಮ ಮನಿಯವರು ಮೈಯಾಗ ದೇವ್ರು ಬಂದೈತಿ ಅಂತ ಊದಿನಕಡ್ಡಿ ಹಚ್ಚಿ ಕೈ ಮುಗಿದ್ರು. ಮಗನ ಮದವಿ ಯಾವಾಗ ಆಕ್ಕೈತಿ ಅಂತ ಕೇಳಿದ್ರು. ನನಗ ಬಾಯಿ ತಗಿಯಾಕ ಬರಂಗಿಲ್ಲ, ಬಾಯ್ತುಂಬ ಅನ್ನ.”

ಅತ್ತೆ ನಗಲು ಹೋಗಿ ಮಜ್ಜಿಗೆ ನೆತ್ತಿಗೇರಿತು. ಮಗ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಯಂಕವ್ವ ಎರಡು ರೊಟ್ಟಿ ಉಂಡರು, ಇನ್ನೊಂದು ಹಾಕಿಸಿಕೊಂಡರು. ನೀರು ಮುಟ್ಟಲಿಲ್ಲ. ನುಂಗುವುದಕ್ಕೆ ಸೊನ್ನೆ ಖರೆಯೇ ಎಂದು ಬರೆದುಕೊಂಡೆ. ಶಾಂಭವಿ ಮೊಸರು ತರಲು ಒಳಗೆ ಹೋದಳು. ಯಂಕವ್ವ ನಮ್ಮ ಕಡೆ ಬಾಗಿದರು.

“ರಾತ್ರಿ ಅಡ್ಡಾಗಾಕ ಬರಂಗಿಲ್ರಿ. ಹುಳಿ ಮ್ಯಾಲ ಬಂದು ಎದಿ ಉರೀತೈತಿ. ಗ್ವಾಡಿಗೆ ಒರಗಿ ಕುಂತ ನಿದ್ದಿ ಮಾಡ್ತೇನಿ. ಐದು ವರ್ಷ ಆತು.”

“ಗುಳಗಿ ಕೊಟ್ಟಿದ್ರಲ್ರಿ?”

“ಅವು ತೀರಿದ್ವು. ಮತ್ತ ತರಸು ಅಂದ್ರ ಆಕಿಗೆ ಗೊತ್ತಾಕ್ಕೈತಿ. ಆಕಿ ಮಾಡೂದು ಕೈ ಬಿಚ್ಚಿ ಖಾರದ ಅಡಗಿ. ಎದಿ ಉರಿ ಅಂದ್ರ ತನ್ನದ ತಪ್ಪು ಅಂತ ತಿಳ್ಕೊಂತಾಳ.” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ರಂಜಕಾನೂ ಬಂದ್ ಮಾಡ್ತಾಳ್ರಿ.”

ಮೊಸರಿನ ಗಡಿಗೆ ಹಿಡಿದು ಶಾಂಭವಿ ಬಾಗಿಲಲ್ಲಿ ನಿಂತಿದ್ದಳು. “ನನಗ ಗೊತ್ತೈತ್ರಿ. ಎರಡ ಇದ್ದ ದಿಂಬು ನಾಕ ಯಾಕಾದ್ವು ಅಂತ ನನಗ ತಿಳಿಯೂದಿಲ್ಲೇನು? ಅತ್ತಿ ತಾವಾಗಿ ಹೇಳ್ಲಿ ಅಂತ ಸುಮ್ನಿದ್ದೆ. ರಂಜಕ ನಾಳಿಂದ ಬಂದ್.”

“ನೋಡಿದ್ರಿ?” ಎಂದರು ಯಂಕವ್ವ ನಮಗೆ.

ಗುಳಿಗೆಯ ಹೆಸರು ಬರೆದುಕೊಟ್ಟು, ಆ ವಾರವೇ ಡಾಕ್ಟರಿಗೆ ತೋರಿಸಬೇಕೆಂದು ಶಾಂಭವಿಗೆ ಹೇಳಿ ಬಂದೆ.

ಮುಂದಿನ ಮೂರು ವಾರ ಹಗಲಲ್ಲಿ ಫೋನ್ ಮಾಡಿದೆ, ಯಂಕವ್ವನದೂ ಸೇರಿ ಹನ್ನೊಂದು ಮನೆ ಮುಗಿಸಿದೆ. ಒಬ್ಬರೇ ಇದ್ದಾಗ ಜನ ಬೇರೆಯೇ ಮಾತಾಡುತ್ತಿದ್ದರು. ಎರಡೂ ಗುಂಪಿನಲ್ಲಿ ಸೊನ್ನೆಗಳು ಕಡಿಮೆಯಾದವು, ಒಂದು ಎರಡುಗಳು ಬಂದವು. ನುಂಗುವುದರಲ್ಲಿ ಬಾಯಿಯವರೂ ಹೊಟ್ಟೆಯವರೂ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಕೆಲವರಿಗೆ ಮತ್ತೆ ಬಿಗಿಯಾಗಿತ್ತು. ಉರಿಯ ಬಗ್ಗೆ ಐದನೆಯ ಪ್ರಶ್ನೆ ಸೇರಿಸಿದ್ದೆ. ಅದು ಬಾಯಿಯವರಲ್ಲಿ ಜಾಸ್ತಿ ಇತ್ತು. ಗುಳಿಗೆ ತಪ್ಪದೆ ತೆಗೆದುಕೊಳ್ಳುವವರು ಹಾಯಾಗಿದ್ದರು.

ಒಂದು ಮಧ್ಯಾಹ್ನ ಹಾಳೆಗಳನ್ನು ಹಿತ್ತಲ ಕಲ್ಲಿನ ಮೇಲೆ ಹರಡಿ ಅತ್ತೆಗೆ ಹೇಳುತ್ತಿದ್ದೆ. ಹೆಸರುಗಳನ್ನು ಮುಚ್ಚಿ ಊರುಗಳನ್ನಷ್ಟೇ ತೋರಿಸಿದ್ದೆ. ಅವರು ಕನ್ನಡಕ ಹಾಕಿಕೊಂಡು ಹಾಜರಿ ಪುಸ್ತಕ ನೋಡಿದಂತೆ ಬೆರಳಿಟ್ಟು ನೋಡಿದರು.

“ಇವು ನೀ ಮನಿಗೆ ಹೋಗಿದ್ದೇನು?”

“ಹೌದ್ರಿ.”

“ಹೊಟ್ಟಿಯವರು ಎಂಟು. ಬಾಯವರು ಮೂರು. ಯಾಕ?”

“ಅವರು ಹತ್ರ ಇದ್ರು.”

“ನವಲಗುಂದ ಹತ್ರೇನು?”

ನಾನು ನವಲಗುಂದದ ಹಾಳೆಯನ್ನು ಬೇರೆ ಹಾಳೆಗಳ ಕೆಳಗೆ ಸರಿಸಿದೆ.

“ಹೊಟ್ಟಿಯವರೊಳಗ ಯಾರರ ನಾಪಾಸ ಆಗ್ಯಾರೇನು ಅಂತ ಹುಡುಕಾಕ ಹೋಗಿದ್ದಿ ನೀ. ಸಿಕ್ರ ನನಗ ಬಾಯಿಂದ ಮಾಡಸು ಅಂತ ಹೇಳಾಕ ಅನುಕೂಲ. ಇಷ್ಟ ಓದಿದಾಕಿ ನೀ, ಹಿಂಗ ಲೆಕ್ಕಾ ಮಾಡ್ತಾರೇನು?”

ಸಂಖ್ಯಾಶಾಸ್ತ್ರದಲ್ಲಿ ನಾನು ಎಂಎಸ್ಸಿ ಮಾಡಿದ್ದೇನೆ. ಮೊದಲ ವರ್ಷದಲ್ಲೇ ಕಲಿಸುವ ತಪ್ಪು ಅದು. ಮಾಡುವಾಗ ತಪ್ಪು ಎಂದು ಒಮ್ಮೆಯೂ ಅನಿಸಿರಲಿಲ್ಲ.

“ಸಹಿ ಮಾಡಾಕ ಅಂಜಾಕತ್ತಿ” ಎಂದರು ಅತ್ತೆ.

“ಹೌದ್ರಿ.”

“ನನಗೂ ಅಂಜಿಕಿ ಐತಿ. ಹತ್ತಕ್ಕ ಒಳಗ ಹೋದಾವ ನನ್ನ ಮಗ.” ಹಾಳೆಗಳನ್ನು ಜೋಡಿಸಿ ನನ್ನ ತೊಡೆಯ ಮೇಲಿಟ್ಟರು. “ಮೊದಲ ಉಳಿದ ಮನಿಗೆ ಹೋಗಿ ಲೆಕ್ಕಾ ಸರಿ ಮಾಡು. ಆಮ್ಯಾಲ ಹೇಳ್ತೇನಿ.”

ಇನ್ನೂ ಐದು ಬಾಯಿಯವರ ಮನೆಗೆ ಹೋದೆ. ಲೆಕ್ಕ ಬದಲಾಗಲಿಲ್ಲ. ನುಂಗುವುದು ಸಮ, ಉರಿ ಬಾಯಿಯವರಿಗೆ ಜಾಸ್ತಿ. ಒಬ್ಬ ವ್ಯಕ್ತಿಗೆ ಇದನ್ನೇ ಮಾಡಿಸು ಎಂದು ಹೇಳುವಷ್ಟು ಅಂತರ ಅದರಲ್ಲಿರಲಿಲ್ಲ. ಹಾಗೆಯೇ ಅತ್ತೆಗೆ ಹೇಳಿದೆ.

“ಸಮ ಅಂದ್ರ ಆರಿಸೂದು ನನ್ನ ಪಾಲಿಗೆ ಬಂತು” ಎಂದರು. “ಹೊಟ್ಟಿಯಿಂದ ಮಾಡಸ್ತೇನಿ.”

“ಬಾಯಿಂದ ಮಾಡಿಸಿದ್ರೂ ಗುಳಗಿ ತಗೊಂಡ್ರ ಉರಿ ತಡೀತೈತ್ರಿ ಅತ್ತಿ.”

“ಬಿಪಿ ಗುಳಗಿ ನಾ ಎಷ್ಟ ಸಲ ಮರೀತೇನಿ?”

“ವಾರದಾಗ ಮೂರ ದಿವಸ.”

“ನಾಕ. ಒಂದಿನ ಸುಳ್ಳ ಹೇಳಿರ್ತೇನಿ. ಮತ್ತ, ಗ್ವಾಡಿಗೆ ಒರಗಿ ಕುಂತ ಮಲಗೂದು ನನ್ನ ಕೈಲೆ ಆಗೂದಿಲ್ಲ. ಮೂವತ್ತ ವರ್ಷ ನಿಂತ ನೌಕರಿ ಮಾಡೇನಿ. ಅಡ್ಡಾಗೂದೊಂದ ನನ್ನ ಸುಖ.”

ಅವರ ಕಾರಣಗಳು ಅವರವೇ ಆಗಿದ್ದವು. ನನ್ನ ಅಂಜಿಕೆಯನ್ನು ಲೆಕ್ಕಕ್ಕೆ ಹಿಡಿಯದೆ, ಅದು ಅವರ ಎದುರಿಗೇ ಕುಳಿತಿರುವಾಗ, ಅವರು ಆರಿಸಿಕೊಂಡಿದ್ದರು. ನನಗಾಗಿ ಇನ್ನೊಂದು ಮಾತನ್ನು ನುಂಗಿಕೊಳ್ಳಲಿಲ್ಲ. ಅದು ನನಗೆ ಸಮಾಧಾನವೆನಿಸಿತು.

ಆಪರೇಷನ್ನಿನ ಹಿಂದಿನ ದಿನ ನರ್ಸ್ ಒಪ್ಪಿಗೆ ಪತ್ರ ತಂದಳು. ನಾನು ಕೈ ಮುಂದೆ ಮಾಡಲಿಲ್ಲ. ಅತ್ತೆ ಕೈಚಾಚಿ ಅದನ್ನು ತೆಗೆದುಕೊಂಡರು. ಎರಡು ಪುಟವನ್ನೂ ಗಟ್ಟಿಯಾಗಿ ಓದಿದರು. ಒಂದು ಕಡೆ ಕಾಗುಣಿತ ತಿದ್ದಲು ಹೋದರು, ನಾನು ಬೇಡವೆಂದೆ. ಗುಂಡಗಿನ ಅಕ್ಷರದಲ್ಲಿ ತಮ್ಮ ಹೆಸರು ಬರೆದರು.

“ಒಪ್ಪಿದಾಕಿ ನಾ. ನನ್ನ ಸಹಿ ಆತು. ನೀ ಬರೇ ಸಾಕ್ಷಿ. ನೋಡಿದೆ ಅಂತ ಬರದ್ರ ಮುಗೀತು” ಎಂದು ಪೆನ್ನು ನನ್ನ ಕೈಗಿಟ್ಟರು.

ಬರೆದೆ.

ಮರುದಿನ ಒಂಬತ್ತೂವರೆಗೆ ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಶಾಂಭವಿ ಫೋನ್ ಮಾಡಿ, ಅತ್ತಿ ಈಗ ಎರಡೇ ದಿಂಬಿಗೆ ಬಂದಿದ್ದಾರೆ ಎಂದಳು. ರಂಜಕ ವಾರಕ್ಕೊಂದು ಸಲ ಎಂದು ಇಬ್ಬರೊಳಗೆ ಒಪ್ಪಂದವಾಗಿತ್ತಂತೆ. ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಡಾಕ್ಟರ್ ಧನಶ್ರೀ ಸರ್ಜನ್ನರ ಹಿಂದೆಯೇ ಹೊರಗೆ ಬಂದರು. ನಾನು ಎದ್ದು ನಿಲ್ಲುವ ಮೊದಲೇ ದೂರದಿಂದ ಕೈ ಎತ್ತಿ ಛಲೋ ಆಯಿತೆಂದು ಸನ್ನೆ ಮಾಡಿದರು. ಅವರಿಗೆ ನನ್ನ ವಿಷಯ ಗೊತ್ತಿತ್ತು. ನಡೆದು ಬಂದು ಹೇಳುವಷ್ಟು ಹೊತ್ತೂ ನಾನು ಅಂಜುತ್ತ ಕಾಯದಂತೆ ಮಾಡಿದರು.

ಅಧ್ಯಯನದ ವರದಿಯನ್ನು ಆ ತಿಂಗಳಲ್ಲೇ ಬರೆದೆವು. ಅಡುಗೆ ಮಾಡಿದವರ ಎದುರು ಕೊಟ್ಟ ಉತ್ತರಗಳನ್ನು ಕೈಬಿಟ್ಟು ಎಲ್ಲರನ್ನೂ ಮತ್ತೊಮ್ಮೆ ಕೇಳಲಾಯಿತು ಎಂದು ನಾನೊಂದು ವಾಕ್ಯ ಸೇರಿಸಿದ್ದೆ. ಡಾಕ್ಟರ್ ಓದಿ ನಕ್ಕರು. ತೆಗೆಯಲಿಲ್ಲ.

ಎರಡು ವಾರ ಗಂಜಿ, ಆಮೇಲೆ ಮೆತ್ತನೆಯ ಅನ್ನ. ಐದನೆಯ ವಾರ ರೊಟ್ಟಿಗೆ ಪರವಾನಗಿ ಸಿಕ್ಕಿತು. ಆ ದಿನ ರೊಟ್ಟಿ ಬಡಿದು, ಮೆಂತ್ಯದ ಪಲ್ಯ ಮಾಡಿ, ಎರಡು ತಾಟು ಹಾಕಿದೆ. ಅತ್ತೆ ಬಂದು ನನ್ನ ಪಕ್ಕ ಕುಳಿತರು. ಸಣ್ಣ ತುತ್ತು ಮುರಿದು, ಅಗಿದು, ನುಂಗಿದರು. ನಾನು ಅವರ ಗಂಟಲು ನೋಡುತ್ತಿದ್ದೆ. ಕುತ್ತಿಗೆ ಚಾಚಲಿಲ್ಲ. ನೀರಿಗೆ ಕೈ ಹೋಗಲಿಲ್ಲ. ಎರಡನೆಯ ತುತ್ತು, ಮೂರನೆಯದು.

“ಇಳೀತೇನ್ರಿ?”

“ಇಳೀತು.” ಇನ್ನೂ ಒಂದು ತುತ್ತು ತಿಂದು, ಸ್ವಲ್ಪ ಯೋಚಿಸಿದರು. “ಸುಜಾತಾ, ಒಂದು ಮಾತು ಹೇಳ್ಲೇನು?”

“ಹೇಳ್ರಿ.”

“ಪಲ್ಯಾಕ್ಕ ಉಪ್ಪಿಲ್ಲ.”

“ಮರತೇನಿ ಕಾಣಸ್ತೈತಿ.”

“ಇವತ್ತಲ್ಲ. ಎರಡ ವರ್ಷಾತು. ಒಂದಿನಾನೂ ಸರಿಯಾಗಿ ಹಾಕಿಲ್ಲ ನೀ.”

ನಾನು ನನ್ನ ತಾಟಿನಿಂದ ಪಲ್ಯ ತೆಗೆದು ಬಾಯಿಗೆ ಹಾಕಿಕೊಂಡೆ. ಎರಡು ವರ್ಷದಲ್ಲಿ ಮೊದಲ ಸಲ ರುಚಿ ನೋಡುತ್ತ ನಿಧಾನವಾಗಿ ಅಗಿದೆ. ಮೆಂತ್ಯದ ಕಹಿ ಇತ್ತು, ಬೆಳ್ಳುಳ್ಳಿ ಇತ್ತು. ಉಪ್ಪು ಖರೆಯೇ ಇರಲಿಲ್ಲ.